ಟೂ ಸ್ಟ್ರೋಕ್ 125ಕ್ಕೆ ಕೆಳಗಿನ ಎಳೆತ: ಯಾವುದು ಕೆಲಸ ಮಾಡಿತು, ಯಾವುದು ಇಲ್ಲ

ಒಂದು ಕಿರಿದಾದ ತಿರುವು. ತಿರುಗಿದ ಕೂಡಲೇ ಸಡಿಲ ಕಲ್ಲಿನ ಏರು. ನನ್ನ 125 ಸಿಸಿ ಡರ್ಟ್ ಬೈಕ್ ಪ್ರತಿ ಸಲ ಅಲ್ಲೇ ಮಾನ ಕಳೆಯುತ್ತಿತ್ತು. ಕೆಳಗಿನ ಎಳೆತ, ಅಂದರೆ ಎಂಜಿನ್ ನಿಧಾನವಾಗಿ ತಿರುಗುವಾಗ ಎಳೆಯುವ ಶಕ್ತಿ, ಅದಕ್ಕೆ ಸಾಲದು. ಎರಡನೇ ಗೇರಿನಲ್ಲಿ ಹೋದರೆ ಎಂಜಿನ್ ಮುಗ್ಗರಿಸುತ್ತದೆ. ಮೊದಲನೇ ಗೇರಿಗೆ ಇಳಿಸಿದರೆ ಹಿಂದಿನ ಚಕ್ರ ಸುಮ್ನೆ ಗಿರಗಿರ ತಿರುಗಿ ಕಲ್ಲು ಎಸೆಯುತ್ತದೆ. ಕೊನೆಗೆ ಹಾಫ್ ಕ್ಲಚ್‌ನಲ್ಲೇ ಒದ್ದಾಡಿ ಹತ್ತಬೇಕು. ಹಾಗಾಗಿ ಆ ಏರನ್ನೇ ಪರೀಕ್ಷೆಯ ಜಾಗ ಮಾಡಿಕೊಂಡೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡನೇ ಗೇರು. ಎಷ್ಟು ಸಲ ಕ್ಲಚ್ ಹಿಡಿದೆ ಅಂತ ಎಣಿಸುವುದು, ಅಷ್ಟೆ.

ಹೊಸ ಸಾಮಾನು ತರಿಸುವ ಮೊದಲು ಇದ್ದದ್ದನ್ನು ಬಿಚ್ಚಿ ನೋಡಿದ್ದು ಒಳ್ಳೆಯದಾಯಿತು. ಪವರ್ ವಾಲ್ವ್ ಮಸಿ ಹಿಡಿದು ಅರ್ಧ ತೆರೆದ ಸ್ಥಿತಿಯಲ್ಲೇ ಅಂಟಿಕೊಂಡಿತ್ತು. ಕಡಿಮೆ ಆರ್‌ಪಿಎಂನಲ್ಲಿ ಅದು ಎಕ್ಸಾಸ್ಟ್ ಪೋರ್ಟಿನ, ಅಂದರೆ ಸಿಲಿಂಡರಿನಿಂದ ಹೊಗೆ ಹೊರಹೋಗುವ ಕಿಂಡಿಯ, ಮೇಲ್ಭಾಗವನ್ನು ಮುಚ್ಚಿಕೊಂಡಿರಬೇಕು. ಮುಚ್ಚದಿದ್ದರೆ ಪೋರ್ಟ್ ಬೇಗ ತೆರೆದುಕೊಂಡು ಒತ್ತಡವೆಲ್ಲ ಹೊರಗೆ ಹೋಗುತ್ತದೆ. ಕೆಳಗಿನ ಎಳೆತ ಅಲ್ಲೇ ಸತ್ತಿತು. ಮಸಿ ತೊಳೆದೆ. ಕಾರ್ಬ್ಯುರೇಟರಿನಲ್ಲಿ ನಿಧಾನ ಓಟಕ್ಕೆ ಪೆಟ್ರೋಲ್ ಬಿಡುವ ಪೈಲಟ್ ಜೆಟ್ ಕೂಡ ದೊಡ್ಡದಾಗಿತ್ತು. ಗಾಳಿ ಹೊಂದಿಸುವ ಏರ್ ಸ್ಕ್ರೂವನ್ನು ಎರಡೂವರೆ ಸುತ್ತಿಗಿಂತ ಜಾಸ್ತಿ ಬಿಚ್ಚಿದರೆ ಮಾತ್ರ ಎಂಜಿನ್ ಸರಿಯಾಗಿ ಓಡುತ್ತಿತ್ತು, ಅಂದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ ಅಂತಲೇ ಅರ್ಥ. 45ನೇ ನಂಬರಿನ ಜೆಟ್ ತೆಗೆದು 42 ಹಾಕಿದೆ. ಏಳೆಂಟು ಸಲ ಹಿಡಿಯುತ್ತಿದ್ದ ಕ್ಲಚ್ ನಾಲ್ಕಕ್ಕೆ ಇಳಿಯಿತು. ನಾಚಿಕೆಯಾಯಿತು ಅಂತಲೇ ಹೇಳಬೇಕು. ಒಂದು ವರ್ಷ ಎಂಜಿನ್‌ನ ಗುಣವೇ ಹೀಗೆ ಅಂತ ಬೈದುಕೊಂಡು ಓಡಿಸಿದ್ದೆ.

ಆಮೇಲೆ ಸ್ಪ್ರಾಕೆಟ್. ಮೊದಲಿದ್ದದ್ದು ಮುಂದೆ 13, ಹಿಂದೆ 48 ಹಲ್ಲು. ಮುಂದಿನದನ್ನು 12 ಮಾಡಿದೆ, ಯಾಕೆಂದರೆ ಅದೇ ಅಗ್ಗ, ಬದಲಾಯಿಸುವುದೂ ಸುಲಭ. ಆದರೆ ಲೆಕ್ಕ ಹಾಕಿ ನೋಡಿ: 48ನ್ನು 12ರಿಂದ ಭಾಗಿಸಿದರೆ 4. 52ನ್ನು 13ರಿಂದ ಭಾಗಿಸಿದರೂ 4. ಮುಂದೆ ಒಂದು ಹಲ್ಲು ಕಡಿಮೆ ಮಾಡಿದ್ದು ಹಿಂದೆ ನಾಲ್ಕು ಹಲ್ಲು ಹೆಚ್ಚಿಸಿದ್ದಕ್ಕೆ ಸಮ. ಅದೇ ವೇಗಕ್ಕೆ ಎಂಜಿನ್ ಶೇ. 8ರಷ್ಟು ಜಾಸ್ತಿ ತಿರುಗುತ್ತದೆ. ಏರು ಹತ್ತಿತು, ಒಂದೇ ಕ್ಲಚ್. ಆದರೆ ಉಳಿದ ಹಾದಿಯೆಲ್ಲ ಗೇರ್ ಹಾಕುವುದರಲ್ಲೇ ಕಳೆಯಿತು. ಎರಡನೆಯದು ಹಳೆಯ ಮೊದಲನೆಯದರ ಕಡೆಗೆ ವಾಲಿತ್ತು. ಚಿಕ್ಕ ಸ್ಪ್ರಾಕೆಟ್ ಸುತ್ತ ಚೈನ್ ಬಿಗಿಯಾಗಿ ಬಾಗಬೇಕಾಗುವುದರಿಂದ ಅದೂ ಬೇಗ ಸವೆಯುತ್ತದೆ. ಕೊನೆಗೆ ಮುಂದೆ 13 ವಾಪಸ್ ಹಾಕಿ ಹಿಂದೆ 50ಕ್ಕೆ ನಿಂತೆ. ಎರಡು ಕ್ಲಚ್, ಹಳೆಯ ಚೈನೇ ಸಾಕಾಯಿತು.

ಸ್ಪ್ರಾಕೆಟ್ ಬದಲಾಯಿಸುವುದರಿಂದ ಎಂಜಿನ್‌ಗೆ ಒಂದು ಗುಲಗಂಜಿಯಷ್ಟೂ ಶಕ್ತಿ ಸೇರುವುದಿಲ್ಲ. ಇರುವ ಶಕ್ತಿ ಬೇಗ ಕೈಗೆ ಸಿಗುತ್ತದೆ. ಸವಾರನಿಗೆ ಬೇಕಾದ್ದೂ ಅದೇ ಅಲ್ವಾ?

ಮ್ಯಾಗ್ನೆಟ್‌ಗೆ, ಅಂದರೆ ಎಂಜಿನ್ ಜೊತೆ ತಿರುಗುವ ಭಾರದ ಚಕ್ರಕ್ಕೆ, ತೂಕ ಸೇರಿಸುವುದರ ಬಗ್ಗೆ ಜನ ತುಂಬಾ ಹೊಗಳುತ್ತಾರೆ. ಬೋಲ್ಟ್ ಹಾಕಿ ಕೂರಿಸುವ, ಸುಮಾರು 250 ಗ್ರಾಂನ ಬಳೆ ಹಾಕಿ ನೋಡಿದೆ. ಎಂಜಿನ್ ಆಫ್ ಆಗುವುದು ನಿಂತೇ ಹೋಯಿತು. ಒದ್ದೆ ಬೇರುಗಳ ಮೇಲೆ ಚಕ್ರ ಜಾರುವುದೂ ಕಡಿಮೆಯಾಯಿತು. ಆದರೆ ನನ್ನ ಏರಿನಲ್ಲಿ ಲಾಭ ಕಾಣಲಿಲ್ಲ. ಅಲ್ಲಿ ಬೇಕಿದ್ದದ್ದು ಆರ್‌ಪಿಎಂ ಬೇಗ ಏರುವುದು. ತೂಕ ಅದನ್ನೇ ನಿಧಾನ ಮಾಡುತ್ತದೆ. ಎಂಜಿನ್ ನಿಂತುಹೋಗುತ್ತದೆ ಅನ್ನುವುದು ಒಂದು ದೂರು, ಎಳೆಯುವುದಿಲ್ಲ ಅನ್ನುವುದು ಬೇರೆ ದೂರು. ಎರಡಕ್ಕೂ ಒಂದೇ ಮದ್ದು ಅಂದುಕೊಂಡಿದ್ದೆ.

ರೀಡ್ ಅಂದರೆ ಒಳಗೆ ಹೋದ ಪೆಟ್ರೋಲ್ ಮಿಶ್ರಣ ಹಿಂದೆ ಬರದಂತೆ ತಡೆಯುವ ಪಟ್ಟಿ. ತೆಳುವಾದ ಕಾರ್ಬನ್ ಫೈಬರ್ ರೀಡ್‌ಗಳು ಕಾಲು ಆಕ್ಸಿಲರೇಟರ್‌ನಲ್ಲಿ ಸ್ವಲ್ಪ ಚುರುಕು ಕೊಟ್ಟವು. ಆದರೆ ನನ್ನ ಹಳೆಯ ರೀಡ್‌ಗಳ ಅಂಚು ಚಿಂದಿಯಾಗಿತ್ತು. ಕಂಪನಿಯದೇ ಹೊಸದು ಹಾಕಿದ್ದರೂ ಇಷ್ಟೇ ಆಗುತ್ತಿತ್ತೇನೋ.

ಕೆಳಗಿನ ಎಳೆತಕ್ಕೆಂದೇ ಮಾಡಿದ ಎಕ್ಸಾಸ್ಟ್ ಪೈಪ್ ಅತಿ ದುಬಾರಿ. ಅದರೊಳಗಿಂದ ಹಿಂದಿರುಗುವ ಒತ್ತಡದ ಅಲೆ ಹೊರಗೆ ಜಾರಿದ ಪೆಟ್ರೋಲ್ ಮಿಶ್ರಣವನ್ನು ಸಿಲಿಂಡರಿಗೆ ವಾಪಸ್ ತಳ್ಳುತ್ತದೆ. ಪೈಪ್ ಉದ್ದವಾದಷ್ಟೂ ಅಲೆ ತಡವಾಗಿ ಬರುತ್ತದೆ, ಅಂದರೆ ಕಡಿಮೆ ಆರ್‌ಪಿಎಂಗೆ ಹೊಂದುತ್ತದೆ. ನಡುವಿನಲ್ಲಿ ಚೆನ್ನಾಗಿ ಎಳೆಯಿತು, ನಿಜ. ಮೇಲಿನ ಆರ್‌ಪಿಎಂನ ಹುಚ್ಚು ಮಾತ್ರ ಹೋಯಿತು, ಅದಕ್ಕಾಗಿಯೇ ನಾನು ಟೂ ಸ್ಟ್ರೋಕ್ ಇಟ್ಟುಕೊಂಡಿರುವುದು. ಎರಡು ತಿಂಗಳಲ್ಲಿ ಮಾರಿದೆ.

ನನಗೆ ಅತಿ ಇಷ್ಟವಾದದ್ದು ಸಿಲಿಂಡರಿನ ಬುಡದ ಗ್ಯಾಸ್ಕೆಟ್. ಪ್ಲಗ್ ತೂತಿನಿಂದ ಮೆತ್ತನೆಯ ಸೋಲ್ಡರ್ ತಂತಿ ಇಳಿಸಿ, ಎಂಜಿನ್ ಕೈಯಲ್ಲಿ ತಿರುಗಿಸಿ, ಚಪ್ಪಟೆಯಾದ ತುದಿ ಅಳೆದೆ. ಪಿಸ್ಟನ್ ಅಂಚಿಗೂ ಹೆಡ್‌ಗೂ ನಡುವೆ 1.6 ಮಿ.ಮೀ. ಸಂದು. ಹಳೆಯದಕ್ಕಿಂತ 0.4 ಮಿ.ಮೀ. ತೆಳುವಾದ ಗ್ಯಾಸ್ಕೆಟ್ ಹಾಕಿದ ಮೇಲೆ 1.2. ಕಂಪ್ರೆಷನ್ ಏರಿತು. ಜೊತೆಗೆ ಸಿಲಿಂಡರ್ ಕೆಳಗೆ ಇಳಿದದ್ದರಿಂದ ಎಕ್ಸಾಸ್ಟ್ ಪೋರ್ಟ್ ಕೊಂಚ ತಡವಾಗಿ ತೆರೆಯುತ್ತದೆ. ಎರಡೂ ಕೆಳಗಿನ ಎಳೆತಕ್ಕೆ ಅನುಕೂಲ. ಸ್ಪ್ರಾಕೆಟ್ ಹಿಂದೆ ಮತ್ತೆ 48 ಇಟ್ಟೇ ನೋಡಿದೆ: ಎರಡು ಕ್ಲಚ್. 50ರ ಜೊತೆ: ಒಂದೂ ಇಲ್ಲ. ಅಳೆಯದೆ ಮಾತ್ರ ಇದಕ್ಕೆ ಕೈ ಹಾಕಬೇಡಿ. ಸಂದು ತೀರಾ ಕಡಿಮೆಯಾದರೆ ಪಿಸ್ಟನ್ ಹೋಗಿ ಹೆಡ್‌ಗೆ ಬಡಿಯುತ್ತದೆ. ಏರಿನಲ್ಲಿ ಟಿಣ್ ಟಿಣ್ ಸದ್ದು ಕೇಳಿದರೆ ಅಲ್ಲೇ ನಿಲ್ಲಿಸಿ.

ಗೆಳೆಯನೊಬ್ಬ ಬೋರ್, ಅಂದರೆ ಸಿಲಿಂಡರಿನ ಒಳ ಅಡ್ಡಳತೆ, 54ರಿಂದ 58 ಮಿ.ಮೀ.ಗೆ ಏರಿಸಿ 144 ಸಿಸಿ ಮಾಡಿಸಿಕೊಂಡಿದ್ದಾನೆ. ಅವನ ಬೈಕಿನಲ್ಲಿ ಅದೇ ಏರು ಹತ್ತಿದೆ. ಮೂರನೇ ಗೇರಿನಲ್ಲಿ, ಕ್ಲಚ್ ಮುಟ್ಟದೆ. ಮೇಲೆ ತಲುಪಿ ಬೈಕ್ ವಾಪಸ್ ಕೊಡುವಾಗ ಅವನ ಮುಖ ನೋಡಲಿಲ್ಲ, ನೋಡಿದ್ದರೆ ನಕ್ಕುಬಿಡುತ್ತಿದ್ದ. ಸದ್ಯಕ್ಕೆ ನನ್ನದರಲ್ಲಿ 50ರ ಸ್ಪ್ರಾಕೆಟ್ ಇದೆ, ತೆಳು ಗ್ಯಾಸ್ಕೆಟ್ ಇದೆ. ಮ್ಯಾಗ್ನೆಟ್ ಬಳೆ ಡಬ್ಬಿಯಲ್ಲಿದೆ, ಮಳೆ ಬಿದ್ದ ದಿನ ಹೊರಗೆ ಬರುತ್ತದೆ.