ಬ್ರೇಕ್ ಪೆಡಲ್ ಮೆತ್ತಗಿದ್ದರೆ 'ಸೆಟ್ ಆಗುತ್ತೆ' ಅನ್ನೋರನ್ನ ನಂಬಬೇಡಿ

ಮೈಸೂರು, ಮಂಡ್ಯ ಕಡೆ ಕಾರು ಇಟ್ಟುಕೊಂಡಿರೋರು ದಯವಿಟ್ಟು ಪೂರ್ತಿ ಓದಿ. ಇಪ್ಪತ್ತು ದಿನದಿಂದ ಹೊಟ್ಟೆಯೊಳಗೇ ಕುದೀತಾ ಇದೀನಿ. ಗ್ಯಾರೇಜಿನ ಹೆಸರು ಬರೆಯಲ್ಲ, ಅದೊಂದು ಬೇರೆ ರಗಳೆ ಆಗುತ್ತೆ. ರಿಂಗ್ ರೋಡ್ ಬದಿಯದು, ದೊಡ್ಡ ಬೋರ್ಡು, ಎಸಿ ರೂಮಲ್ಲಿ ಕೂರಿಸಿ ಕಾಫಿ ಕೊಡ್ತಾರೆ. ಆ ಕಾಫಿಗೇ ನಾನು ಬಿದ್ದಿದ್ದು ಅನ್ಸುತ್ತೆ.

ಕಾರು 2013ರದು. ಮುಂದಿನ ಎಡಗಡೆ ಚಕ್ರ ಮುಟ್ಟೋಕಾಗದಷ್ಟು ಕಾಯ್ತಿತ್ತು. ಕ್ಯಾಲಿಪರ್, ಅಂದ್ರೆ ಚಕ್ರದ ಡಿಸ್ಕನ್ನ ಪ್ಯಾಡುಗಳಿಂದ ಒತ್ತಿ ಹಿಡಿಯೋ ಭಾಗ, ಅದರ ಪಿಸ್ಟನ್ ಜಾಮ್ ಆಗಿದೆ ಅಂದ್ರು. ಎರಡೂ ಕಡೆ ಕ್ಯಾಲಿಪರ್, ಪ್ಯಾಡು, ಡಿಸ್ಕು ಎಲ್ಲಾ ಹೊಸದು. 14,600 ರೂಪಾಯಿ. ಬ್ರೇಕಿನ ವಿಷಯದಲ್ಲಿ ಚೌಕಾಸಿ ಬೇಡ ಅಂತ ತೆಪ್ಪಗೆ ಕೊಟ್ಟೆ.

ಕಾರು ಆಚೆ ತೆಗೆದ ತಕ್ಷಣ ಗೊತ್ತಾಯ್ತು. ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗುತ್ತೆ, ಆಮೇಲೆ ಹಿಡಿಯುತ್ತೆ. ಎರಡು ಮೂರು ಸಲ ಪಂಪ್ ಮಾಡಿದ್ರೆ ಗಟ್ಟಿ. ಸ್ವಲ್ಪ ಹೊತ್ತು ಬಿಟ್ಟು ತುಳಿದ್ರೆ ಮತ್ತೆ ಮೆತ್ತಗೆ. ವಾಪಸ್ ಹೋಗಿ ಕೇಳಿದ್ರೆ, "ಹೊಸ ಪ್ಯಾಡಲ್ವಾ ಸಾರ್, ಇನ್ನೂರು ಕಿಲೋಮೀಟರ್ ಓಡ್ಸಿ, ಸೆಟ್ ಆಗುತ್ತೆ."

ನನಗೆ ನಾಚಿಕೆಯಾಗೋದು ಇಲ್ಲಿ. ಮನೆಯಲ್ಲಿ ಕಾರು ಹೆಚ್ಚು ಓಡಿಸೋದು ನನ್ನ ಹೆಂಡತಿ, ಪಾಂಡವಪುರದ ಕಡೆ ಶಾಲೆಯಲ್ಲಿ ಟೀಚರ್. ಮೊದಲನೇ ದಿನವೇ ಹೇಳಿದ್ಲು, "ರೀ, ಹತ್ತಿ ಮೂಟೆ ಮೇಲೆ ಕಾಲಿಟ್ಟ ಹಾಗಿದೆ, ತೋರಿಸಿ." ನಾನು ದೊಡ್ಡ ಮೆಕ್ಯಾನಿಕ್ ಥರ, "ಹೊಸ ಪ್ಯಾಡು ಕಣೇ, ಸೆಟ್ ಆಗ್ಬೇಕು" ಅಂದೆ. ಗ್ಯಾರೇಜಿನವನ ಮಾತನ್ನ ಗಿಣಿ ಥರ ಅವಳಿಗೆ ಒಪ್ಪಿಸಿದೆ. ನಾಲ್ಕನೇ ದಿನ ಸಂಜೆ ಹಿಂದೆ ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಎದುರಿಗೆ ನಿಂತಿತ್ತಂತೆ. ಪೆಡಲ್ ಕೆಳಗೆ ಹೋಯ್ತು, ಇನ್ನೊಂದು ಸಲ ತುಳಿದ ಮೇಲೆ ಕಾರು ನಿಂತಿದ್ದು. ಟ್ರೈಲರಿಗೂ ಬಾನೆಟ್ಟಿಗೂ ಒಂದು ಮೊಳ. ಮನೆಗೆ ಬಂದು ಒಂದು ಮಾತೂ ಆಡಲಿಲ್ಲ, ಕೀ ಟೇಬಲ್ ಮೇಲಿಟ್ಟಳು ಅಷ್ಟೇ. ಬೈದಿದ್ರೆ ಎಷ್ಟೋ ವಾಸಿಯಿತ್ತು.

ಆಮೇಲೆ ಗೊತ್ತಾಯ್ತು: ಹೊಸ ಪ್ಯಾಡು ಡಿಸ್ಕಿಗೆ ಕೂರೋವರೆಗೆ ಹಿಡಿತ ಸ್ವಲ್ಪ ಕಮ್ಮಿ ಇರಬಹುದು. ಹಾಗಂತ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗಲ್ಲ. ಎರಡೂ ಬೇರೆ ಬೇರೆ ವಿಷಯ. ಅವನಿಗೆ ಇದು ಗೊತ್ತಿರಲಿಲ್ಲವಾ, ಗೊತ್ತಿದ್ದೂ ಹೇಳಿದನಾ?

ಮಾರನೇ ದಿನ ಹೋಗಿ ಗಲಾಟೆ ಮಾಡಿದೆ. ಬ್ರೇಕ್ ಆಯಿಲಲ್ಲಿ ಗಾಳಿ ಸೇರಿದ್ರೆ ಪೆಡಲ್ ಮೆತ್ತಗಾಗುತ್ತೆ, ಆ ಗಾಳಿ ಆಚೆ ತೆಗೆಯೋದಕ್ಕೆ ಬ್ಲೀಡಿಂಗ್ ಅಂತಾರೆ. ಅದನ್ನ ನನ್ನೆದುರೇ ಮಾಡಿದ್ರು. ಒಬ್ಬ ಹುಡುಗ ಪೆಡಲ್ ತುಳಿದು ಹಿಡ್ಕೊಂಡ, ಇನ್ನೊಬ್ಬ ಕ್ಯಾಲಿಪರಲ್ಲಿರೋ ನಿಪ್ಪಲ್, ಅಂದ್ರೆ ಗಾಳಿ ಬಿಡೋ ಸ್ಕ್ರೂ, ಬಿಚ್ಚಿದ, ಪೈಪಲ್ಲಿ ಆಯಿಲ್ ಬಂತು. "ನೋಡಿ ಸಾರ್, ಒಂದು ಗುಳ್ಳೆ ಬರ್ತಿದೆಯಾ? ಗಾಳಿಯೇ ಇಲ್ಲ." ನಿಜವಾಗ್ಲೂ ಒಂದೂ ಗುಳ್ಳೆ ಬರಲಿಲ್ಲ. ಬಗ್ಗಿ ನೋಡಿದೆ, ತಲೆಯಾಡಿಸಿದೆ. ಕಣ್ಣೆದುರೇ ನಡೀತು, ನಾನೇ ಸಾಕ್ಷಿ! ಗಾಳಿ ಇಲ್ಲ ಅಂದ ಮೇಲೆ ಮಾಸ್ಟರ್ ಸಿಲಿಂಡರ್, ಅಂದ್ರೆ ಪೆಡಲ್ ತುಳಿದಾಗ ಆಯಿಲನ್ನ ಚಕ್ರಗಳ ಕಡೆ ಒತ್ತೋ ಭಾಗ, ಹೋಗಿದೆ ಅಂದ್ರು. ಇನ್ನೊಂದು 4,200. ಹಳೇದು ಕೊಡಿ ಅಂದ್ರೆ, "ಗುಜರಿಗೆ ಹೋಯ್ತಲ್ಲ ಸಾರ್." ಅರ್ಧ ಗಂಟೆಯಲ್ಲಿ ಗುಜರಿಯವನು ಬಂದು ಹೋದನಂತೆ. ಪೆಡಲ್ ಮಾತ್ರ ಹಾಗೇ ಇತ್ತು. ಮತ್ತೆ ಕೇಳಿದ್ದಕ್ಕೆ, "ಹಂಗಿದ್ರೆ ಎಬಿಎಸ್ ಯೂನಿಟ್ಟೇ ಹೋಗಿರ್ಬೇಕು ಸಾರ್, ಇಪ್ಪತ್ತೆಂಟು ಸಾವಿರ ಆಗುತ್ತೆ, ಅಡ್ವಾನ್ಸ್ ಕೊಟ್ರೆ ತರಿಸ್ತೀವಿ." (ಎಬಿಎಸ್ ಅಂದ್ರೆ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋದು.)

ಅಲ್ಲಿಂದ ಎದ್ದು ಬಂದೆ.

ಹೆಂಡತಿಯ ಸಹೋದ್ಯೋಗಿಯೊಬ್ಬರು ಮಂಡ್ಯದಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದಾರೆ ಅಂದ್ರು. ತಗಡಿನ ಶೆಡ್ಡು, ಬೋರ್ಡೂ ಇಲ್ಲ. ಮೂವತ್ತರ ಸ್ಪೀಡಲ್ಲಿ, ಹ್ಯಾಂಡ್ ಬ್ರೇಕ್ ಮೇಲೆ ಕೈಯಿಟ್ಟುಕೊಂಡು ಹೋದೆ. ಹೈವೇ ಬದಿಯ ಸರ್ವೀಸ್ ರೋಡಲ್ಲಿ ಆಟೋದವರೂ ಹಾರ್ನ್ ಹೊಡೆದು ಮುಂದೆ ಹೋದ್ರು. ಹಾಗೆ ಓಡಿಸಬಾರದಿತ್ತು, ಬೇರೆ ಗಾಡಿಯಲ್ಲಿ ಎತ್ತಿಸಿಕೊಂಡು ಹೋಗಬೇಕಿತ್ತು. ಅದೂ ನನ್ನ ತಪ್ಪೇ.

ಆ ಹಿರಿಯರು ಸ್ಪ್ಯಾನರ್ ಮುಟ್ಟೋಕೆ ಮುಂಚೆ ಪೆಡಲ್ ತುಳಿದು ಒಂದು ನಿಮಿಷ ಕಾಲು ಹಾಗೇ ಒತ್ತಿಟ್ಟುಕೊಂಡ್ರು. "ಇಳೀತಿಲ್ಲ ಸಾ. ಮಾಸ್ಟರ್ ಚೆನ್ನಾಗೈತೆ. ಅದು ಹೋಗಿದ್ರೆ ಕಾಲು ಮೆಲ್ಲಗೆ ಕೆಳಕ್ಕೆ ಹೋಯ್ತಾ ಇರ್ತಿತ್ತು." ಆಮೇಲೆ ಮುಂದಿನ ಚಕ್ರಗಳ ಕ್ಯಾಲಿಪರಿಗೆ ಆಯಿಲ್ ಒಯ್ಯೋ ಎರಡು ರಬ್ಬರ್ ಹೋಸ್‌ಗಳನ್ನ ಕ್ಲ್ಯಾಂಪಲ್ಲಿ ಹಿಡಿದು ಮತ್ತೆ ತುಳೀರಿ ಅಂದ್ರು. ತುಳಿದೆ. ಕಲ್ಲು! ಪೆಡಲ್ ಕಲ್ಲಿನ ಹಾಗಾಗಿತ್ತು. ಹಾಗಾದ್ರೆ ಮಾಸ್ಟರೂ ಸರಿ, ಎಬಿಎಸ್ಸೂ ಸರಿ, ತೊಂದರೆ ಹೋಸಿನ ಆಚೆ, ಕ್ಯಾಲಿಪರಲ್ಲೇ. ಸ್ಟೀರಿಂಗ್ ತಿರುಗಿಸಿ ಮೊಬೈಲ್ ಟಾರ್ಚ್ ಬಿಟ್ಟು, "ಬನ್ನಿ ಸಾ, ನಿಪ್ಪಲ್ ಎಲ್ಲೈತೆ ನೋಡಿ" ಅಂದ್ರು.

ಕೆಳಗಿತ್ತು. ಎರಡೂ ಕಡೆ ಕೆಳಗೆ. ಎಡಗಡೆ ಕ್ಯಾಲಿಪರ್ ಬಲಕ್ಕೆ, ಬಲಗಡೇದು ಎಡಕ್ಕೆ ಹಾಕಿದ್ರು.

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರು ಬಕೆಟ್ ನೀರಿಗೆ ಒಂದು ಲೋಟ ಬೋರಲು ಮುಳುಗಿಸಿ ತೋರಿಸಿದ್ರು. ಗಾಳಿ ಮೇಲೆ ಸಿಕ್ಕಿಹಾಕಿಕೊಂಡು ಅಲ್ಲೇ ಇರುತ್ತೆ. ನಿಪ್ಪಲ್ ಮೇಲಿದ್ರೆ ಗಾಳಿ ಆಚೆ ಬರುತ್ತೆ, ಕೆಳಗಿದ್ರೆ ಬರೀ ಆಯಿಲ್ ಬರುತ್ತೆ. ಅದಕ್ಕೇ ಗುಳ್ಳೆ ಬರಲಿಲ್ಲ! ಗುಳ್ಳೆ ಇಲ್ಲ ಅಂತ ನಾನು ತಲೆಯಾಡಿಸಿದೆನಲ್ಲ, ಅದನ್ನ ನೆನೆಸಿಕೊಂಡ್ರೆ ಈಗಲೂ ಮೈಯೆಲ್ಲ ಉರಿಯುತ್ತೆ. ಇನ್ನೊಂದು, ಮಾಸ್ಟರ್ ಸಿಲಿಂಡರ್ ನಟ್‌ಗಳ ಮೇಲೆ ವರ್ಷಗಟ್ಟಲೆಯ ಧೂಳು ಗಟ್ಟಿಯಾಗಿ ಕೂತಿತ್ತು, ಸ್ಪ್ಯಾನರ್ ತಾಗಿದ ಗುರುತೇ ಇಲ್ಲ. 4,200 ಯಾವುದಕ್ಕೆ ಕೊಟ್ಟೆ ಅಂತ ನೀವೇ ಹೇಳಿ.

ಕ್ಯಾಲಿಪರ್ ಅದಲುಬದಲು ಮಾಡಿ, ಹೊಸ ತಾಮ್ರದ ವಾಷರ್ ಹಾಕಿ, ಸೀಲ್ ಒಡೆಯದ ಡಾಟ್ 4 ಬ್ರೇಕ್ ಆಯಿಲ್ ಬಾಟಲಿ ತಂದು ನಾಲ್ಕೂ ಚಕ್ರ ಬ್ಲೀಡ್ ಮಾಡಿದ್ರು. ತೆರೆದಿಟ್ಟ ಬ್ರೇಕ್ ಆಯಿಲ್ ಗಾಳಿಯ ತೇವ ಎಳ್ಕೊಳ್ಳುತ್ತಂತೆ, ಕಾದಾಗ ಬೇಗ ಕುದಿಯುತ್ತಂತೆ. ಚಾಮುಂಡಿ ಬೆಟ್ಟ ಇಳಿಯುವಾಗ ಗೊತ್ತಾಗುತ್ತೆ ಅಂತ ನಕ್ಕರು. ಎಲ್ಲಾ ಸೇರಿ 1,150 ರೂಪಾಯಿ.

ಫೋಟೋ ತೆಗೆದು ಗ್ಯಾರೇಜಿಗೆ ವಾಟ್ಸಾಪ್ ಮಾಡಿದೆ. ಎರಡು ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಫೋನ್ ಮಾಡಿದ್ರೆ ಮೊದಲು, "ನಿಪ್ಪಲ್ ಮೇಲಿದ್ರೇನು ಕೆಳಗಿದ್ರೇನು, ಬ್ರೇಕ್ ಹಿಡೀತಿತ್ತಲ್ವಾ?" ಆಮೇಲೆ, "ಹುಡುಗ ಹೊಸಬ ಸಾರ್." ಆಮೇಲೆ, "ಬೇರೆ ಕಡೆ ಕೈ ಹಾಕಿಸಿದ ಮೇಲೆ ನಮ್ಮ ವಾರಂಟಿ ಇರಲ್ಲ." ಕೊನೆಗೆ ಕೈಮುಗಿಯೋ ಇಮೋಜಿ ಒಂದು. ದುಡ್ಡಿನ ಮಾತೇ ಇಲ್ಲ.

ಕ್ಯಾಲಿಪರ್ ಹಾಕಿಸಿದ್ರೆ ಚಕ್ರ ಕೂರಿಸೋಕೆ ಮುಂಚೆ ನಿಪ್ಪಲ್ ಮೇಲಿದೆಯಾ ಅಂತ ನೀವೇ ಬಗ್ಗಿ ನೋಡಿ. ಹಳೇ ಪಾರ್ಟ್ ಕೈಗೆ ಬರೋವರೆಗೆ ದುಡ್ಡು ಕೊಡಬೇಡಿ. ಪೆಡಲ್ ಮೆತ್ತಗಿದ್ರೆ ಕಾರನ್ನ ಗ್ಯಾರೇಜಿಂದ ಆಚೆ ತೆಗೆಯಲೇಬೇಡಿ. ಎಸಿ ರೂಮಲ್ಲಿ ಕೂರಬೇಡಿ, ಕಾಫಿ ಆಚೆ ಕುಡೀರಿ.

ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗೋಣ ಅಂತಿದೀನಿ. 2019ರ ಕಾಯ್ದೆ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬಹುದು, ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ಆದ್ರೆ 4,200ಕ್ಕೆ ಅವರು ಕೊಟ್ಟಿರೋದು ಕೈಬರಹದ ಚೀಟಿ, ಜಿಎಸ್‌ಟಿ ನಂಬರಿಲ್ಲ, ಸಹಿಯೂ ಇಲ್ಲ. ಯುಪಿಐ ದಾಖಲೆ ಇದೆ. ಇಷ್ಟರ ಮೇಲೆ ಯಾರಾದ್ರೂ ಕೇಸ್ ನಡೆಸಿದ್ರೆ ದಯವಿಟ್ಟು ತಿಳಿಸಿ.

ಹೆಂಡತಿ ನಿನ್ನೆ ಕಾರು ತಗೊಂಡು ಹೋಗುವಾಗ ಗೇಟಲ್ಲೇ ಒಂದು ಸಲ ಪೆಡಲ್ ತುಳಿದು ನೋಡಿ, "ಸೆಟ್ ಆಯ್ತಾ?" ಅಂದ್ಲು.