ಕೋಲಾರದ ದನದ ರಕ್ತ ಪರೀಕ್ಷೆ ಲ್ಯಾಬ್: ಕೆಲಸ ಚೆನ್ನ, ಕಾಯೋದು ಜಾಸ್ತಿ

ನಮ್ಮ ಎಚ್‌ಎಫ್ ಹಸು ಎರಡು ದಿನ ಮೇವು ಮುಟ್ಟಲಿಲ್ಲ. ಗಂಜಲ ಕಾಫಿ ಡಿಕಾಕ್ಷನ್ ಥರ ಬರುತ್ತಿತ್ತು. ಕಿವಿ ತುದಿಯ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿಸಿಕೊಂಡು ಬಂಗಾರಪೇಟೆ ಕಡೆಯಿಂದ ಬೈಕಿನಲ್ಲಿ ಓಡಿದೆ. ಅರ್ಧ ಗಂಟೆ ಅಂದವರು ಮೂರು ಗಂಟೆ ಕಾಯಿಸಿದರು, ಕೂರಲು ಒಂದು ಬೆಂಚೂ ಇಲ್ಲ.

ಆದರೆ ಡಾಕ್ಟರ್ ಮೇಡಂ ಮೈಕ್ರೋಸ್ಕೋಪಿನಲ್ಲಿ ನನಗೇ ತೋರಿಸಿದರು. ಕೆಂಪು ರಕ್ತಕಣದೊಳಗೆ ಜೋಡಿ ಹನಿಗಳ ಥರ ಕೂತಿತ್ತು ಬಬೇಸಿಯಾ, ಉಣ್ಣೆ ಕಚ್ಚಿ ಬರುವ ರೋಗಾಣು. ಹೋದ ವರ್ಷ ವಾಸಿ ಆಗಿತ್ತಲ್ಲ ಮೇಡಂ ಅಂದೆ. ವಾಸಿಯಾದ ಮೇಲೂ ಮೈಯಲ್ಲಿ ವರ್ಷಗಟ್ಟಲೆ ಅಡಗಿರಬಹುದಂತೆ. ಬಬೇಸಿಯಾ ಬೋವಿಸ್ ಅನ್ನೋ ಜಾತಿ ತಾನು ಹೊಕ್ಕ ರಕ್ತಕಣದ ಹೊರಮೈಗೆ ತನ್ನದೇ ಪ್ರೋಟೀನ್ ಅಂಟಿಸುತ್ತದೆ, ಅದಕ್ಕೆ 100ಕ್ಕೂ ಹೆಚ್ಚು ಜೀನ್ ಇಟ್ಟುಕೊಂಡಿದೆ, ಆದರೆ ಒಂದು ಸಲಕ್ಕೆ ಒಂದು ಜಾಗದ್ದು ಮಾತ್ರ ಆನ್, ಮಿಕ್ಕವುಗಳ ತುಂಡು ನಕಲು ಮಾಡಿ ಅದಕ್ಕೇ ತೇಪೆ ಹಾಕುತ್ತಾ ಹೋಗುತ್ತದೆ. ಹಸುವಿನ ಮೈ ಗುರುತು ಹಿಡಿಯುವಷ್ಟರಲ್ಲಿ ಅಂಗಿ ಬದಲು! ಕಳ್ಳ ಅಲ್ವಾ?

ಇಷ್ಟು ಬಿಡಿಸಿ ಹೇಳುವವರು ಎಲ್ಲಿ ಸಿಗುತ್ತಾರೆ. ಐದಕ್ಕೆ ನಾಲ್ಕು. ಫೋನ್‌ಪೇ ಇಲ್ಲ, ಚಿಲ್ಲರೆ ಇಟ್ಟುಕೊಂಡು ಹೋಗಿ.