ಓಕ್ ಮರ ಇಲ್ಲದ ಊರಿಗೆ ಓಕ್ ಮರದ ಅಣಬೆ ಕಿಟ್

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಎರಡು ಸ್ಟಾರ್. ಆ ಎರಡೂ ಸ್ಟಾರ್, ಕಿಟ್ ಜೊತೆ ಬಂದ ಡ್ರಿಲ್ ಬಿಟ್‌ಗೆ. ಅದು ನಿಜವಾಗಿ ಚೆನ್ನಾಗಿದೆ, ಆಮೇಲೆ ಪುಸ್ತಕದ ಶೆಲ್ಫಿಗೂ ಅದರಲ್ಲೇ ತೂತು ಕೊರೆದೆ.

ಕಳೆದ ವರ್ಷ ಜುಲೈಯಲ್ಲಿ ಆನ್‌ಲೈನಿನಲ್ಲಿ ತರಿಸಿದ್ದು. ಅಂಗಡಿಯ ಹೆಸರು ಬೇಡ ಬಿಡಿ. ಇಂಥ ಕಿಟ್ ಮಾರುವವರು ಈಗ ಬೇಕಾದಷ್ಟು ಜನ ಇದ್ದಾರೆ, ಎಲ್ಲರ ಫೋಟೋನೂ ಒಂದೇ ಥರ: ದಪ್ಪ ದಿಮ್ಮಿ, ಮೈತುಂಬ ಕಂದು ಬಣ್ಣದ ಶಿಟಾಕೆ ಅಣಬೆ, ಹಿಂದೆ ಮಂಜು. 1,200 ರೂಪಾಯಿ ಕೊಟ್ಟೆ. ಡಬ್ಬದಲ್ಲಿ ಇದ್ದದ್ದು ಅಣಬೆಯ ಬಿಳಿ ಎಳೆ ಹತ್ತಿಸಿದ 50 ಪುಟ್ಟ ಮರದ ಗೂಟ, ಒಂದು ತುಂಡು ಮೇಣ, ಡ್ರಿಲ್ ಬಿಟ್ ಮತ್ತು ಒಂದು ಕಾಗದ. ಗೂಟದ ಪ್ಯಾಕೆಟ್ ಮೇಲೆ ಯಾವತ್ತು ತಯಾರಾಗಿದ್ದು ಅನ್ನೋ ದಿನಾಂಕವೇ ಇರಲಿಲ್ಲ. ಆಗಲೇ ವಾಪಸ್ ಕಳಿಸಬೇಕಿತ್ತು.

ಕಾಗದದಲ್ಲಿ ಬರೆದದ್ದು, ಹೊಸದಾಗಿ ಕಡಿದ ಓಕ್ ದಿಮ್ಮಿಗೆ ಹೊಡೆಯಿರಿ, 45 ದಿನದಲ್ಲಿ ಬೆಳೆ ಬರುತ್ತದೆ. ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ಕೂತು ನಾನು ಓಕ್ ಎಲ್ಲಿಂದ ತರಲಿ? ಮೆಸೇಜ್ ಹಾಕಿ ಕೇಳಿದೆ. "ಸಿಲ್ವರ್ ಓಕ್ ಆಗುತ್ತೆ ಸರ್" ಅಂತ ಉತ್ತರ ಬಂತು. ನಂಬಿದೆ. ಮೂಡಿಗೆರೆಯಿಂದ ಬರುತ್ತಿದ್ದ ಭಾವ ಪಾಪ ಕಾರಿನ ಡಿಕ್ಕಿಯಲ್ಲಿ ಎರಡು ತುಂಡು ಹಾಕಿಕೊಂಡು ಬಂದರು. ಕಾಫಿ ತೋಟದಲ್ಲಿ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸಲಿಕ್ಕೆ ಹಾಕುವ ಆ ಮರ ಆಸ್ಟ್ರೇಲಿಯಾದಿಂದ ಬಂದದ್ದಂತೆ, ಅದಕ್ಕೂ ಓಕ್‌ಗೂ ಹೆಸರು ಬಿಟ್ಟರೆ ನಂಟೇ ಇಲ್ಲ ಅಂತ ಗೊತ್ತಾಗಿದ್ದು ಆಮೇಲೆ.

ಗೂಟ ಹೊಡೆಯುವ ಕೆಲಸ ಮಾತ್ರ ಖುಷಿ ಕೊಟ್ಟಿತು, ಸುಳ್ಳು ಹೇಳಲ್ಲ. ಗೇಣಿಗೊಂದರಂತೆ ತೂತು, ಪಕ್ಕದ ಸಾಲು ಸ್ವಲ್ಪ ಸರಿದು, ಗೂಟ ಇಟ್ಟು ಸುತ್ತಿಗೆಯಲ್ಲಿ ಒಂದೇಟು, ಮೇಲೆ ಕರಗಿಸಿದ ಮೇಣ. ಮೇಣ ಯಾಕೆ ಅಂದರೆ ಒಳಗಿನ ತೇವ ಆರಬಾರದು, ಹೊರಗಿನ ಬೂಷ್ಟು ಒಳಗೆ ಹೋಗಬಾರದು. ಕೆಳಗಿನ ಮನೆಯವರು ಹತ್ತಿ ಬಂದು "ಏನ್ ಸರ್, ಮಂಚ ಮಾಡ್ತಿದ್ದೀರಾ?" ಅಂದರು.

45 ದಿನ ಆಯಿತು. 90 ದಿನ ಆಯಿತು. ದೀಪಾವಳಿ ಹೋಯಿತು. ದಿಮ್ಮಿ ದಿಮ್ಮಿಯಾಗೇ ಇತ್ತು. ಶಿಟಾಕೆ ಎಳೆ ಗಟ್ಟಿ ಮರದೊಳಗೆ ಪೂರ್ತಿ ಹಬ್ಬಲಿಕ್ಕೇ ಆರು ತಿಂಗಳಿಂದ ಒಂದು ವರ್ಷ, ಕೆಲವು ಸಲ ಇನ್ನೂ ಜಾಸ್ತಿ ಬೇಕು. ಅದೂ ಸರಿಯಾದ ಮರ ಸಿಕ್ಕಿ, ನೆರಳಲ್ಲಿಟ್ಟು, ಒಣಗದ ಹಾಗೆ ನೋಡಿಕೊಂಡರೆ. ಹಬ್ಬಿದ ಮೇಲೆ ಒಂದು ದಿನ ತಣ್ಣೀರಲ್ಲಿ ಮುಳುಗಿಸಿಟ್ಟರೆ ಅಣಬೆ ಏಳುತ್ತದೆ, ತಂಪು ಹವೆ ಇದ್ದರೆ ಒಳ್ಳೆಯದು. ಇದಿಷ್ಟನ್ನೂ ಆ ಕಾಗದದಲ್ಲಿ ಬರೆದಿದ್ದರೆ ನಾನು ಕೊಳ್ಳುತ್ತಿರಲಿಲ್ಲ, ಬಹುಶಃ ಅದಕ್ಕೇ ಬರೆದಿಲ್ಲ. ಮಾರ್ಚ್ ಬಿಸಿಲಿಗೆ ದಿಮ್ಮಿಯ ತುದಿ ಬಿರುಕು ಬಿಟ್ಟಿತು. ಒಂದು ಗೂಟ ಕಿತ್ತು ನೋಡಿದರೆ ಹಲ್ಲುಕಡ್ಡಿಯಷ್ಟು ಒಣಗಿತ್ತು. ದುಡ್ಡು ವಾಪಸ್ ಕೇಳಿದ್ದಕ್ಕೆ ಮುಂದಿನ ಖರೀದಿಗೆ ಶೇ 10 ರಿಯಾಯಿತಿ ಕೂಪನ್ ಕೊಟ್ಟರು!

ಇಷ್ಟಕ್ಕೇ ಬಿಟ್ಟಿದ್ದರೆ ಈ ವಿಮರ್ಶೆ ಬರೆಯುತ್ತಿರಲಿಲ್ಲ. ನಮ್ಮ ಮನೆಯಿಂದ ಹೆಸರಘಟ್ಟಕ್ಕೆ ಏನು ದೂರ? ಅಲ್ಲಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ವಿಭಾಗವೇ ಇದೆ, ಬೀಜನೂ ಕೊಡುತ್ತಾರೆ. ಬೀಜ ಅಂದರೆ ಬೇಯಿಸಿದ ಕಾಳಿನ ಮೇಲೆ ಅಣಬೆ ಎಳೆ ಹಬ್ಬಿಸಿದ್ದು, ಬೂದಿ ಬಳಿದ ಜೋಳದ ಥರ ಕಾಣುತ್ತದೆ. ಅಲ್ಲಿಂದ ತಂದ ಚಿಪ್ಪಣಬೆ (ಆಯ್ಸ್ಟರ್ ಅಣಬೆ) ಬೀಜಕ್ಕೆ ಕಿಟ್‌ನ ಕಾಲು ಭಾಗ ದುಡ್ಡೂ ಆಗಲಿಲ್ಲ. ಸುಮ್ನೆ ಹೋಗಿ ನಿಲ್ಲಬೇಡಿ, ಫೋನ್ ಮಾಡಿ ಇದೆಯಾ ಅಂತ ಕೇಳಿಕೊಂಡು ಹೋಗಿ.

ಚಿಪ್ಪಣಬೆಗೆ 20ರಿಂದ 30 ಡಿಗ್ರಿ ಸಾಕು, ಅಂದರೆ ವರ್ಷದ ಹೆಚ್ಚುಪಾಲು ನಮ್ಮ ಊರೇ ಅದಕ್ಕೆ ಎಸಿ ರೂಮು. ಸಾ ಮಿಲ್‌ನಿಂದ ಒಂದು ಚೀಲ ಮಾವಿನ ಮರದ ಚಕ್ಕೆ ತಂದೆ. ಬಡಗಿ ಹತ್ತಿರ ಪ್ಲೈವುಡ್ ಚೂರು ತರಬೇಡಿ, ಅದರಲ್ಲಿ ಅಂಟು ಇರುತ್ತದೆ. ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಂಡೆಯಲ್ಲಿ ಒಂದು ಗಂಟೆ ಕುದಿಯುವ ನೀರಲ್ಲಿಟ್ಟು, ಬಸಿದು, ಪೂರ್ತಿ ತಣ್ಣಗಾಗಲು ಬಿಟ್ಟೆ. ಒಂದು ಹಿಡಿ ಗಟ್ಟಿಯಾಗಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಸುರಿಯಬಾರದು. ಇದೊಂದು ತಪ್ಪಿದರೆ ಎಲ್ಲ ತಪ್ಪಿದ ಹಾಗೆ. ಆಮೇಲೆ ಬೀಜ ಬೆರೆಸಿ ಎರಡು ಚೀಲಕ್ಕೆ ತುಂಬಿದೆ. ನನ್ನ ಎರಡನೇ ಚೀಲದಲ್ಲಿ ನೀರು ಜಾಸ್ತಿಯಾಗಿ ಹತ್ತನೇ ದಿನಕ್ಕೆ ಪಾಚಿ ಹಸಿರು ಬಣ್ಣದ ಬೂಷ್ಟು ಬಂತು, ಹಳೇ ನೆಲಮಾಳಿಗೆ ವಾಸನೆ. ಚೀಲ ಬಿಚ್ಚದೆ ಹಾಗೇ ಎತ್ತಿ ಆಚೆ ಹಾಕಿದೆ.

ಮೊದಲನೇ ಚೀಲ ಮಂಚದ ಕೆಳಗೆ ಕತ್ತಲಲ್ಲಿ 24 ದಿನ ಇತ್ತು. ಚಕ್ಕೆ ಕಾಣದಷ್ಟು ಬೆಳ್ಳಗಾಯಿತು, ಗಟ್ಟಿ ಬೆಣ್ಣೆ ಮುದ್ದೆ ಥರ. ಬ್ಲೇಡಿನಲ್ಲಿ ನಾಲ್ಕು ಕಡೆ ಸೀಳಿ ಬಾತ್‌ರೂಮ್ ಕಿಟಕಿ ಹತ್ತಿರ ನೇತುಹಾಕಿ ದಿನಕ್ಕೆ ಮೂರು ಸಲ ನೀರು ಚಿಮುಕಿಸಿದೆ. ಐದನೇ ದಿನ ಹಲ್ಲುಜ್ಜಲು ಹೋದಾಗ ಸೀಳಿನ ಅಂಚಲ್ಲಿ ಗಸಗಸೆ ಚೆಲ್ಲಿದ ಹಾಗೆ ಬೂದು ಚುಕ್ಕಿ. ಸಂಜೆಗೆ ಬೆಂಕಿಕಡ್ಡಿ ತಲೆಯಷ್ಟು. ಮೂರು ದಿನಕ್ಕೆ ಅಂಗೈ ಅಗಲ. ತೂಗಿದೆ, 420 ಗ್ರಾಂ. ಹತ್ತು ದಿನ ಬಿಟ್ಟು ಎರಡನೇ ಬೆಳೆ ಬಂತು, ಮೂರನೇದು ಒಂದು ಮುಷ್ಟಿ.

ಕೊಡೆ ಪೂರ್ತಿ ಚಪ್ಪಟೆಯಾಗುವ ಮುಂಚೆಯೇ ಕೀಳಿ. ತಡವಾದರೆ ಬಿಳಿ ಪುಡಿ ಉದುರುತ್ತದೆ, ಅದು ಗಂಟಲಿಗೆ ಹೋದರೆ ಕೆಮ್ಮು. ಆಸ್ತಮಾ ಇದ್ದವರ ಮನೆಯಾದರೆ ಒಳಗೆ ಇಡಲೇಬೇಡಿ.

ತೀರ್ಥಹಳ್ಳಿ ಕಡೆಯ ಅಮ್ಮನಿಗೆ ಇದ್ಯಾವುದೂ ದೊಡ್ಡ ವಿಷಯ ಅನ್ನಿಸಲಿಲ್ಲ. "ಹುತ್ತದ ಮೇಲೆ ಎದ್ದ ಅಣಬೆ ರುಚಿ ಇದಕ್ಕೆಲ್ಲಿಂದ ಬರಬೇಕು" ಅಂದರು, ಆದರೆ ಕಾಯಿ ರುಬ್ಬಿ ಮಾಡಿದ ಸಾರಿನ ಪಾತ್ರೆ ಅವತ್ತೇ ಖಾಲಿ.

ದಿಮ್ಮಿ ಆಸೆ ಬಿಟ್ಟಿಲ್ಲ. ಮೇ ಗಾಳಿಮಳೆಗೆ ನಮ್ಮ ಸಾಲಿನ ಮನೆಯವರ ಮಾವಿನ ಮರ ಉರುಳಿತು, ಕೇಳಿ ಒಂದು ಕೊಂಬೆ ತಂದೆ. ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಇಡ್ಲಿ ತಟ್ಟೆ ಹಾಗೆ ಒಂದರ ಮೇಲೊಂದು ಜೋಡಿಸಿ, ನಡುವೆ ಚಿಪ್ಪಣಬೆ ಬೀಜ ಹರಡಿ ಗೋಣಿ ಸುತ್ತಿ ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ. ಗೂಟನೂ ಬೇಡ, ಮೇಣನೂ ಬೇಡ. ಮೊನ್ನೆ ಗೋಣಿ ಸರಿಸಿ ನೋಡಿದೆ, ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಅಂಚೆಲ್ಲ ಬಿಳಿ. ಒಂದು ಮೂಲೆಯಲ್ಲಿ ಯಾವುದೋ ಹಳದಿ ಪುಟ್ಟ ಕೊಡೆ ಎದ್ದಿತ್ತು, ಅದು ನಾನು ಹಾಕಿದ್ದಲ್ಲ. ಬಯಲಲ್ಲಿಟ್ಟ ದಿಮ್ಮಿಯಲ್ಲಿ ಎದ್ದಿದ್ದೆಲ್ಲ ನಮ್ಮ ಅಣಬೆಯೇ ಆಗಿರಲ್ಲ, ಗುರುತು ಸಿಗದ್ದನ್ನು ಬಾಯಿಗಿಡಬೇಡಿ. ಕಿತ್ತು ಬಿಸಾಡಿ ಕೈ ತೊಳೆದುಕೊಂಡೆ.

ಸಿಲ್ವರ್ ಓಕ್ ತುಂಡುಗಳಾ? ಒಂದರ ಮೇಲೆ ಅಮ್ಮ ದೊಡ್ಡಪತ್ರೆ ಕುಂಡ ಇಟ್ಟಿದ್ದಾರೆ. ಇನ್ನೊಂದು ಬೇಕಾದವರು ಬಂದು ತಗೊಂಡು ಹೋಗಬಹುದು, ಕೂಪನ್ ಸಮೇತ.